ಸುದ್ದಿ ತರುವವನ ಪಾತ್ರ

ಪರ್ಸಿ ಹೋಲ್ರಾಯ್ಡ್ ಮೂವತ್ತೇಳು ವರ್ಷಗಳಲ್ಲಿ ಇನ್ನೂರ ಹನ್ನೊಂದು ಸಾವಿನ ಸುದ್ದಿ ಹೇಳಿದ್ದ. ಯಾರದೋ ಗಂಡ ಹಡಗಿನ ಜೊತೆ ಮುಳುಗಿಹೋದ, ಯಾರದೋ ಮಗ ಯುದ್ಧದಲ್ಲಿ ಬಿದ್ದ, ಯಾರದೋ ತಂಗಿ ಕಾಲುವೆಯಲ್ಲಿ ಸಿಕ್ಕಳು. ಸುದ್ದಿ ತರುವವನು ಮಾತ್ರ ಪರ್ಸಿಯೇ. ನಾಟಕದಲ್ಲಾದರೆ ಪೊಲೀಸು, ಸಿನಿಮಾದಲ್ಲಾದರೆ ಸೇನೆಯ ಅಧಿಕಾರಿ, ಟಿವಿಯಲ್ಲಾದರೆ ಡಾಕ್ಟರು, ಇಲ್ಲವೇ ಪಾದ್ರಿ. ಬಾಗಿಲು ತಟ್ಟುತ್ತಾನೆ, ಒಳಗೆ ಬರುತ್ತಾನೆ, ಟೋಪಿ ತೆಗೆಯುತ್ತಾನೆ, ಹೇಳುತ್ತಾನೆ, ಹೋಗುತ್ತಾನೆ. ಒಟ್ಟು ಮೂರು ನಿಮಿಷದ ಕೆಲಸ. ನಾಯಕರನ್ನು ಹೊಗಳುವುದಕ್ಕೆ ಜನ ಬೇಕಾದಷ್ಟಿದ್ದಾರೆ. ಅವರ ಮನೆಗೆ ಸುದ್ದಿ ತಂದವನು ಯಾರು ಅಂತ ಕೇಳಿ ನೋಡಿ, ಒಬ್ಬರಿಗೂ ಹೆಸರು ಗೊತ್ತಿರುವುದಿಲ್ಲ. ಲೆಕ್ಕ ಇಟ್ಟಿದ್ದವಳು ಒಬ್ಬಳೇ, ಅವನ ಹೆಂಡತಿ ಮಾವಿಸ್.

ಅಂಥವನಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ, ನಾಟಕವಲ್ಲದ ಒಂದು ಸುದ್ದಿ ಹೇಳುವ ಸರದಿ ಬಂತು. ಕೇಳಬೇಕಾದವಳು ಒಬ್ಬಳೇ: ತೊಂಬತ್ತೊಂದು ವರ್ಷದ ಅವನ ಅತ್ತೆ ಏಡಾ ಬಾಟಮ್ಲಿ. ಹೇಳಬೇಕಾದದ್ದು, ನಿನ್ನ ಮಗಳು ಮಾವಿಸ್ ಸತ್ತುಹೋದಳು ಅಂತ. ಇನ್ನೂರ ಹನ್ನೊಂದು ಸಲ ಗಂಟಲಲ್ಲಿ ಹಾದುಹೋಗಿದ್ದ ಮಾತು, ಕಷ್ಟವೇನು ಅನ್ನಿಸಬಹುದು. ಆ ಮಾತನ್ನು ಅವನಿಗೆ ಕಲಿಸಿದವಳು ಯಾರು ಅಂತ ಗೊತ್ತಾದರೆ ಕಷ್ಟ ಏನು ಅಂತಲೂ ಗೊತ್ತಾಗುತ್ತದೆ. ಕಲಿಸಿದವಳು ಆ ಏಡಾ ಬಾಟಮ್ಲಿಯೇ.

ಅದು ಸಾವಿರದ ಒಂಬೈನೂರ ನಲವತ್ತೇಳು. ಯಾರ್ಕ್‌ಷೈರ್ ಪ್ರಾಂತದ ಹಡರ್ಸ್‌ಫೀಲ್ಡ್ ಊರಿನ ನಾಟಕ ಕಂಪನಿಯಲ್ಲಿ ವಾರಕ್ಕೊಂದು ನಾಟಕ. ಸಂಜೆ ಈ ವಾರದ್ದನ್ನು ಆಡಬೇಕು, ಹಗಲಲ್ಲಿ ಮುಂದಿನ ವಾರದ್ದನ್ನು ಕಲಿಯಬೇಕು, ಉಳಿದ ಹೊತ್ತಿನಲ್ಲಿ ಹೋದ ವಾರದ್ದನ್ನು ಮರೆಯಬೇಕು. ಹಲ್ ಬಂದರಿನ ಮೀನು ಇಳಿಸುವವನ ಮಗ ಪರ್ಸಿ, ಸೈನ್ಯದಿಂದ ಬಿಡುಗಡೆಯಾದವನೇ ಈ ಕಂಪನಿಗೆ ಸೇರಿಕೊಂಡಿದ್ದ. ಉದ್ದ ಮುಖ, ಮೆತ್ತಗಿನ ದನಿ, ಯಾವ ಟೋಪಿ ಇಟ್ಟರೂ ಒಪ್ಪುವ ತಲೆ. ನಾಯಕನಾಗುವ ರೂಪ ಅಲ್ಲ ಅಂತ ಕನ್ನಡಿ ಅವನಿಗೆ ಬೇಗನೆ ಹೇಳಿಬಿಟ್ಟಿತ್ತು.

ನಟರು ಬಾಡಿಗೆಗೆ ಇರುತ್ತಿದ್ದುದು ಏಡಾ ಬಾಟಮ್ಲಿಯ ಮನೆಯಲ್ಲಿ. ಗಂಡ ಹೆರಾಲ್ಡ್ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಸತ್ತ ಮೇಲೆ ಆಕೆ ಮೇಲಿನ ಮೂರು ಕೋಣೆಗಳನ್ನು ನಾಟಕದವರಿಗೆ ಕೊಟ್ಟು ಮಗಳನ್ನು ಸಾಕಿದವಳು. ಮೆಟ್ಟಿಲ ಮೇಲೆ ಬೂಟು ಕೂಡದು, ಶುಕ್ರವಾರ ಬಿಟ್ಟು ಬೇರೆ ದಿನ ಬಿಸಿನೀರಿಲ್ಲ, ಊಟದ ಮೇಜಿನಲ್ಲಿ ತಮ್ಮ ಅಭಿನಯದ ಬಗ್ಗೆ ತಾವೇ ಮಾತಾಡುವ ಹಾಗಿಲ್ಲ. ನಟರೆಲ್ಲ ಆಕೆಯನ್ನು ಅಮ್ಮ ಅಂತಲೇ ಕರೆಯುತ್ತಿದ್ದರು, ಹೆದರುತ್ತಲೂ ಇದ್ದರು.

ಒಂದು ಬೆಳಗ್ಗೆ ಪರ್ಸಿ ಅಡಿಗೆಮನೆಯಲ್ಲಿ ನಿಂತು ತನ್ನ ಮೊದಲ ಪೊಲೀಸು ಪಾತ್ರದ ಮಾತನ್ನು ಗೋಡೆಗೆ ಹೇಳಿಕೊಳ್ಳುತ್ತಿದ್ದ. ಏಡಾ ಆಲೂಗಡ್ಡೆ ಹೆರೆಯುತ್ತಿದ್ದಳು.

"ಏನಪ್ಪಾ ಅದು? ಇವತ್ತು ಹಾಲು ಬಂದಿಲ್ಲ ಅನ್ನೋ ಹಾಗೆ ಹೇಳ್ತಿದೀಯಲ್ಲ!"

"ಅಲ್ಲಮ್ಮ, ಇವಳ ಗಂಡ ಸತ್ತಿದಾನೆ ಅಂತ ಹೇಳೋಕೆ ಬಂದಿರೋದು ನಾನು."

"ಸತ್ತಿದ್ದು ನಿನ್ನ ಗಂಡ ಅಲ್ವಲ್ಲ, ನೀನ್ಯಾಕೆ ಹಾಗೆ ಟೋಪಿ ಹಿಂಡ್ತಿದೀಯ? ಕೇಳಿಲ್ಲಿ." ಆಕೆ ಚಾಕು ಕೆಳಗಿಟ್ಟಳು. "ನನ್ನ ಹೆರಾಲ್ಡ್ ಸತ್ತಾಗ ಮಿಲ್ಲಿನ ಮೇಸ್ತ್ರಿ ಸಗ್ಡನ್ ಬಂದ. ನಾನು ಇದೇ ಒಲೆ ಮುಂದೆ ನಿಂತಿದ್ದೆ. ಒಳಗೆ ಬಂದು ಟೋಪಿ ತೆಗ್ದು ಮೇಜಿನ ಮೇಲೆ ಇಟ್ಟ. ಕೈಯಲ್ಲಿ ಹಿಡ್ಕೊಳ್ಲಿಲ್ಲ, ಇಟ್ಟ. 'ಏಡಾ, ಕೂತ್ಕೋ' ಅಂದ. ಕೂತೆ. ಅವನೂ ಎದುರಿಗೆ ಕೂತ. ಆವಾಗ್ಲೇ ನಂಗೆ ಗೊತ್ತಾಗ್ಹೋಯ್ತು. ಮೇಸ್ತ್ರಿ ಆದೋನು ಕೂಲಿಯವನ ಮನೇಲಿ ಕೂರಲ್ಲ. ಸುತ್ತಿ ಬಳಸ್ಲಿಲ್ಲ. ಹೆಸರು ಮೊದಲು ಹೇಳ್ದ. 'ಹೆರಾಲ್ಡ್ ಹೋಗ್ಬಿಟ್ಟ, ಏಡಾ' ಅಂದ. ಅಷ್ಟೇ."

"ಆಮೇಲೆ?"

"ಆಮೇಲೆ ಎದ್ದು ನನ್ನ ಒಲೆ ಮೇಲೆ ಕೆಟಲ್ ಇಟ್ಟ. ನೀರು ಕುದಿಯೋ ತನಕ ಒಂದು ಮಾತಾಡ್ಲಿಲ್ಲ, ಎದ್ದೂ ಹೋಗ್ಲಿಲ್ಲ. ಟೀ ಮಾಡಿ ಕೊಟ್ಟ, ತಾನೂ ಕುಡಿದ. ಎರಡೂ ಕಪ್ಪು ತೊಳೆದಿಟ್ಟು ಹೋದ. ಅಷ್ಟು ಹೊತ್ತು ಎದುರಿಗೆ ಒಬ್ಬ ಮನುಷ್ಯ ಅಂತ ಇದ್ದ ನೋಡು, ಅದಕ್ಕೇ ನಾನು ಉಳ್ಕೊಂಡೆ."

ಮರುದಿನ ಪರ್ಸಿ ಇದೆಲ್ಲವನ್ನೂ ತಾಲೀಮಿನಲ್ಲಿ ಮಾಡಿ ತೋರಿಸಿದ. ಟೋಪಿ, ಕುರ್ಚಿ, ಹೆಸರು, ಕೆಟಲ್. ನಿರ್ದೇಶಕ ಟೋಪಿಯನ್ನು ಮೆಚ್ಚಿದ, ಕುರ್ಚಿಯನ್ನು ಮೆಚ್ಚಿದ. "ಕೆಟಲ್ ಬೇಡ. ಹೇಳು, ಹೊರಡು. ಜನ ಬಂದಿರೋದು ನಾಯಕಿ ಅಳೋದನ್ನ ನೋಡೋಕೆ, ನೀರು ಕುದಿಯೋದನ್ನ ನೋಡೋಕಲ್ಲ. ಈ ದೃಶ್ಯ ನಿನ್ನದಲ್ಲ ಕಣಯ್ಯ," ಅಂದ.

ಹಾಗೆ ಸಗ್ಡನ್ನನ ಅರ್ಧ ಪರ್ಸಿಗೆ ದಕ್ಕಿತು. ಆ ಅರ್ಧವೇ ಅವನ ಜೀವನವಾಯಿತು. ಅವನು ಟೋಪಿಯನ್ನು ಮೇಜಿನ ಮೇಲೆ ಇಟ್ಟರೆ ಸಾಕು, ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸುತ್ತಿದ್ದರು. ಊರಿಂದೂರಿಗೆ ಕರೆ ಬಂತು. ಸಿನಿಮಾದವರು ಕರೆದರು. ಆಮೇಲೆ ಟಿವಿ ಬಂತು. ಅದರಲ್ಲಂತೂ ವಾರಕ್ಕೊಬ್ಬರು ಸಾಯುತ್ತಿದ್ದರು, ಪರ್ಸಿಗೆ ಕೈತುಂಬ ಕೆಲಸ. ಬೀದಿಯಲ್ಲಿ ಜನ ಅವನನ್ನು ಗುರುತಿಸುತ್ತಿದ್ದರು, ಯಾರು ಅಂತ ಮಾತ್ರ ತಿಳಿಯುತ್ತಿರಲಿಲ್ಲ. "ನೀವು ಗ್ಯಾಸ್ ಆಫೀಸಿನವರಲ್ವಾ?" ಅನ್ನುತ್ತಿದ್ದರು. ಲೀಡ್ಸ್ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಅವನನ್ನು ಕಂಡದ್ದೇ ಬೆಂಚಿನ ಮೇಲೆ ಕುಸಿದು, "ಯಾರಿಗೇನಾಯ್ತು?" ಅಂದಳು. ಅವನೇ ಅವಳಿಗೆ ಸಮಾಧಾನ ಹೇಳಿ ರೈಲು ಹತ್ತಿಸಬೇಕಾಯಿತು.

ಮಾವಿಸ್‌ಳನ್ನು ಅವನು ಮದುವೆಯಾದದ್ದು ಸಾವಿರದ ಒಂಬೈನೂರ ಐವತ್ತರಲ್ಲಿ. ಮಿಲ್ಲಿನ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದ, ನಾಟಕದವರೆಂದರೆ ಮೂಗು ಮುರಿಯುತ್ತಿದ್ದ ಹುಡುಗಿ. ಮುರಿದ ಮೂಗಿನಲ್ಲೇ ಒಪ್ಪಿಕೊಂಡಳು. ಅವನು ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಕೀಲಿ ತಿರುಗಿಸುತ್ತಿದ್ದಂತೆ ಒಳಗಿಂದ ಕೂಗುತ್ತಿದ್ದಳು, "ಇವತ್ತು ಯಾರು?"

"ಕರ್ನಲ್ ಸಾಹೇಬರ ಕಿರಿ ಮಗ," ಅನ್ನುತ್ತಿದ್ದ ಪರ್ಸಿ.

"ಅಯ್ಯೋ ಪಾಪ. ಕಾಲು ಒರೆಸ್ಕೊಂಡು ಬಾ." ಮೂವತ್ತನಾಲ್ಕು ವರ್ಷ ಹೀಗೇ ನಡೆಯಿತು. ಅವಳು ಆ ಹೆಸರನ್ನು ಅಡಿಗೆಮನೆಯ ಹಳೆ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿದ್ದಳು.

ನಡುವೆ ಒಂದು ಸಲ, ಅರವತ್ತೊಂಬತ್ತನೆಯ ಇಸವಿಯಲ್ಲಿ, ಅವನಿಗೆ ದೊಡ್ಡ ಪಾತ್ರ ಸಿಕ್ಕಿತ್ತು. ಶೆಫೀಲ್ಡಿನ ಒಂದು ನಾಟಕದಲ್ಲಿ ಹೆಂಡತಿಯನ್ನು ಕಳೆದುಕೊಂಡವನ ಪಾತ್ರ. ಈ ಸಲ ಸುದ್ದಿ ತರುವವನು ಬೇರೆ ಯಾರೋ, ಕೇಳುವವನು ಪರ್ಸಿ. ಮನೆಯಲ್ಲೆಲ್ಲ ಸಂಭ್ರಮ. ಏಡಾ ಹೊಸ ಕೋಟು ಹೊಲಿಸಿಕೊಂಡಳು. ಆದರೆ ತಾಲೀಮಿನಲ್ಲಿ ಒಂದು ವಿಚಿತ್ರವಾಯಿತು. ಆ ಇನ್ನೊಬ್ಬ ಬಂದು ಸುದ್ದಿ ಹೇಳುತ್ತಿದ್ದ, ಮರುಕ್ಷಣ ಪರ್ಸಿ ಎದ್ದು ಬಾಗಿಲ ಕಡೆ ನಡೆದುಬಿಡುತ್ತಿದ್ದ. ಬೇಕೆಂದು ಅಲ್ಲ. ಆ ಮಾತಾದ ಮೇಲೆ ಹೊರಗೆ ಹೋಗಬೇಕು ಅಂತ ಅವನ ಕಾಲುಗಳಿಗೆ ಅಭ್ಯಾಸವಾಗಿತ್ತು. ಆ ಮಾತಾದ ಮೇಲೆ ಕೋಣೆಯ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಅವನು ಯಾವತ್ತೂ ನೋಡಿರಲೇ ಇಲ್ಲ. ಹತ್ತು ದಿನ ನೋಡಿದ ನಿರ್ದೇಶಕ ಅವನನ್ನು ಡಾಕ್ಟರನ ಪಾತ್ರಕ್ಕೆ ಬದಲಾಯಿಸಿದ.

"ಅವರಿಗೆ ಕಣ್ಣಿಲ್ಲ," ಅಂದಳು ಏಡಾ. ಹೊಸ ಕೋಟನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟಳು. "ಆ ಪಾತ್ರ ನಿಂಗೇ ಬರ್ಬೇಕು. ಯಾವತ್ತಾದ್ರೂ ಬಂದೇ ಬರತ್ತೆ ನೋಡ್ತಿರು." ಹಾರೈಕೆ ಅಂದುಕೊಂಡೇ ಹೇಳಿದ್ದು, ಪಾಪ.

ಎಂಬತ್ತನಾಲ್ಕರ ನವೆಂಬರ್ ಹೊತ್ತಿಗೆ ಏಡಾ ಊರಾಚೆ ಗುಡ್ಡದ ಮೇಲಿನ ವೃದ್ಧಾಶ್ರಮದಲ್ಲಿದ್ದಳು. ದೇಹ ಗಟ್ಟಿಯಾಗಿತ್ತು, ನೆನಪು ಸೋರುತ್ತಿತ್ತು. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕಿಲ್ಲ, ಕೆಲವೊಮ್ಮೆ ಬಾಗಿಲಾಚೆ ಹೋಗಿ ಬರುವಷ್ಟರಲ್ಲಿ ಇಲ್ಲ. ಆಕೆಯ ಹಳೆ ಮನೆಯಲ್ಲೇ ಪರ್ಸಿ ಮತ್ತು ಮಾವಿಸ್ ಇದ್ದರು. ಪ್ರತಿ ಗುರುವಾರ ಇಬ್ಬರೂ ಬಸ್ಸು ಹತ್ತಿ ಗುಡ್ಡಕ್ಕೆ ಹೋಗಿಬರುತ್ತಿದ್ದರು.

ಒಂದು ಬುಧವಾರ ಮಾವಿಸ್ ಮಾರ್ಕೆಟ್ಟಿಗೆ ಹೋಗಿದ್ದಳು. ಪರ್ಸಿ ಮುಂದಿನ ಸೋಮವಾರದ ಶೂಟಿಂಗಿನ ಮಾತುಗಳನ್ನು ಓದುತ್ತ ಕೂತಿದ್ದ. ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಒಬ್ಬ ಎಳೆಯ ಕಾನ್‌ಸ್ಟೇಬಲ್, ಹೆಲ್ಮೆಟ್ ತಲೆಯ ಮೇಲೇ ಇದೆ.

"ಹೋಲ್ರಾಯ್ಡ್ ಅವರಾ ಸರ್? ಅದು... ನಿಮ್ಮ ಮನೆಯವರು... ಮಾರ್ಕೆಟ್ಟಲ್ಲಿ ಸ್ವಲ್ಪ..." ಅಂತ ಹೊಸ್ತಿಲಲ್ಲೇ ನಿಂತು ತಡವರಿಸಿದ.

ಪರ್ಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಒಳಗೆ ಬಾಪ್ಪ. ಮೊದಲು ಹೆಲ್ಮೆಟ್ ತೆಗಿ. ಕೈಯಲ್ಲಿ ಬೇಡ, ಆ ಮೇಜಿನ ಮೇಲಿಡು. ಈಗ 'ಕೂತ್ಕೊಳ್ಳಿ' ಅನ್ನು ನಂಗೆ."

"ಕೂತ್ಕೊಳ್ಳಿ ಸರ್."

ಪರ್ಸಿ ಕೂತ. "ನೀನೂ ಕೂರು. ಹೆಸರು ಮೊದಲು ಹೇಳು. ಸುತ್ತಿ ಬಳಸಬೇಡ."

"ಮಿಸೆಸ್ ಮಾವಿಸ್ ಹೋಲ್ರಾಯ್ಡ್ ತೀರ್ಕೊಂಡ್ರು ಸರ್. ಚೀಸ್ ಅಂಗಡಿ ಮುಂದೆ ಬಿದ್ರಂತೆ. ಎದೆ ನಿಂತ್ಹೋಯ್ತು ಅಂದ್ರು ಡಾಕ್ಟ್ರು."

"ಹಾಂ. ಈಗ ಸರಿಯಾಗಿ ಹೇಳ್ದೆ."

ಹುಡುಗನಿಗೆ ಇದು ಮೊದಲ ಸಲವಂತೆ. ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಪರ್ಸಿ ಅವನ ಬೆನ್ನು ತಟ್ಟಿ, ಬಾಗಿಲವರೆಗೆ ಬಿಟ್ಟುಬಂದು, ಮತ್ತೆ ಅದೇ ಕುರ್ಚಿಯಲ್ಲಿ ಕೂತು ಸೋಮವಾರದ ಮಾತುಗಳನ್ನು ಕೊನೆಯ ಪುಟದವರೆಗೆ ಓದಿದ. ಆಮೇಲೆ ಆಸ್ಪತ್ರೆಗೆ ಹೋದ.

ಅವನಿಗೆ ಏನೂ ಅನ್ನಿಸಲಿಲ್ಲ. ಇದನ್ನು ಇದ್ದ ಹಾಗೇ ಹೇಳಬೇಕು. ತಡೆದುಕೊಂಡ, ಒಳಗೊಳಗೇ ಕೊರಗಿದ ಅಂತೆಲ್ಲ ಹೇಳಿದರೆ ಸುಳ್ಳಾಗುತ್ತದೆ. ಹಲ್ಲು ಕೀಳುವ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗಿತ್ತು. ಮಾವಿಸ್‌ಳ ಮುಖ ನೋಡಿದಾಗಲೂ ಹಾಗೇ ಇತ್ತು. ಅವಳ ಚೀಲವನ್ನು ಕೊಟ್ಟರು. ಅದರಲ್ಲಿ ಅರ್ಧ ಪೌಂಡ್ ವೆನ್ಸ್‌ಲಿಡೇಲ್ ಚೀಸು, ಎರಡು ಹಂದಿಮಾಂಸದ ಕಡುಬು. ಅವನ್ನು ಮನೆಗೆ ತಂದು ಎರಡು ದಿನ ಊಟಕ್ಕೆ ತಿಂದ. ರುಚಿ ಗೊತ್ತಾಗಲಿಲ್ಲ.

ಶೆಫೀಲ್ಡಿನಲ್ಲಿ ಸ್ಕೂಲ್ ಟೀಚರಾಗಿದ್ದ ಮಗಳು ಹಿಲರಿ ಬಂದಳು. ಮಂಗಳವಾರ ಮಣ್ಣು ಮಾಡುವುದು ಅಂತ ನಿಶ್ಚಯವಾಯಿತು. ಸೋಮವಾರ ಬೆಳಗ್ಗೆ ಪರ್ಸಿ ಕೋಟು ಏರಿಸಿಕೊಂಡ.

"ಎಲ್ಲಿಗಪ್ಪ?"

"ಲೀಡ್ಸಿಗೆ. ಶೂಟಿಂಗಿದೆ."

"ನಾಳೆ ಅಮ್ಮನ ಮಣ್ಣು. ಇವತ್ತು ನೀನು ಶೂಟಿಂಗಿಗೆ ಹೋಗ್ತೀಯಾ?"

"ಒಪ್ಕೊಂಡ ಕೆಲಸ ಕಣಮ್ಮ. ಒಂದೇ ದೃಶ್ಯ."

"ಯಾವ ದೃಶ್ಯ ಅಂತ ನಾನು ಕೇಳ್ಬೇಕಾ ಅಪ್ಪ?" ಅಂದಳು ಹಿಲರಿ. "ನಿಂಗೆ ಏನೂ ಅನ್ಸಲ್ವಾ?"

ಪರ್ಸಿ ಪ್ರಾಮಾಣಿಕವಾಗಿ ಯೋಚಿಸಿ ನೋಡಿದ. "ಇಲ್ಲಮ್ಮ. ಅನ್ಸ್ತಾ ಇಲ್ಲ," ಅಂದ. ಅವಳು ಎದ್ದು ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲೀಡ್ಸಿನಲ್ಲಿ ಅವನು ಒಂದೇ ಸಲಕ್ಕೆ ಮುಗಿಸಿದ. ಟೋಪಿ, ಕುರ್ಚಿ, ಹೆಸರು. ಎದುರಿಗಿದ್ದ ಹುಡುಗಿ ಚೆನ್ನಾಗಿ ಅತ್ತಳು. ನಿರ್ದೇಶಕ ಗಡಿಯಾರ ನೋಡಿಕೊಂಡು, "ಭೇಷ್ ಪರ್ಸಿ, ಮುಂದಿನದು," ಅಂದ. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವನೂ ಹೇಳಲಿಲ್ಲ. ಸಂಜೆ ಮನೆಯ ಬಾಗಿಲಲ್ಲಿ ಕೀಲಿ ತಿರುಗಿಸಿ ಸ್ವಲ್ಪ ಹೊತ್ತು ಹಾಗೇ ನಿಂತ. ಒಳಗಿಂದ ಯಾರೂ ಏನೂ ಕೇಳಲಿಲ್ಲ. ಕಾಲು ಒರೆಸಿಕೊಂಡು ಒಳಗೆ ಹೋದ.

ಏಡಾಳನ್ನು ಮಣ್ಣಿಗೆ ಕರೆತಂದಿರಲಿಲ್ಲ. ಎದೆ ಕಟ್ಟಿಕೊಂಡು ಮಲಗಿದ್ದಳು. ಹಾಗಾಗಿ ಗುರುವಾರ ಪರ್ಸಿ ಒಬ್ಬನೇ ಬಸ್ಸು ಹತ್ತಿದ. ಹೇಳಬೇಕಾದವನು ತಾನೇ. ಹೇಳುವುದು ಅವನಿಗೊಬ್ಬನಿಗೇ ಬರುವ ಕೆಲಸ. ಬಸ್ಸಿನಲ್ಲಿ ಅವನಿಗೆ ಒಂದಿಷ್ಟೂ ಭಯವಿರಲಿಲ್ಲ.

"ಬಾ ಪರ್ಸಿ. ಒಬ್ನೇ ಬಂದ್ಯಾ? ಮಾವಿಸ್ ಎಲ್ಲಿ?"

ಅವನು ಟೋಪಿ ತೆಗೆದು ಮಂಚದ ಪಕ್ಕದ ಮೇಜಿನ ಮೇಲಿಟ್ಟ. ಆಕೆಯ ಕುರ್ಚಿಯ ಎದುರಿಗೆ ಕೂತ. "ಮಾವಿಸ್ ಹೋಗ್ಬಿಟ್ಲು ಅಮ್ಮ," ಅಂದ. ದನಿ ಎಲ್ಲಿರಬೇಕೋ ಅಲ್ಲೇ ಇತ್ತು, ಹೆಚ್ಚಲ್ಲ, ಕಡಿಮೆಯಲ್ಲ. ಏಡಾಳ ಬಾಯಿ ಸ್ವಲ್ಪ ತೆರೆಯಿತು. ಅವನು ಎರಡು ಎಣಿಸುವಷ್ಟು ಹೊತ್ತು ಕಾದ. ಎದ್ದ. ಟೋಪಿ ಕೈಗೆ ತೆಗೆದುಕೊಂಡ. ಹೊರಗೆ ನಡೆದ.

ಹೊರಬಾಗಿಲ ಮೆಟ್ಟಿಲಿನ ಮೇಲೆ, ಗಾಳಿ ಮುಖಕ್ಕೆ ಬಡಿದಾಗ, ತಾನೇನು ಮಾಡಿದೆ ಅಂತ ಅವನಿಗೆ ಗೊತ್ತಾಯಿತು. ತೊಂಬತ್ತೊಂದು ವರ್ಷದ ತಾಯಿಗೆ ಮಗಳ ಸಾವು ಹೇಳಿ, ಪರದೆ ಬೀಳುವ ಮೊದಲು ಹೊರಡುವವನ ಹಾಗೆ ಎದ್ದು ಬಂದಿದ್ದ. ಅವನು ಓಡಿದ. ಅರವತ್ತೆರಡರ ಮಂಡಿಗಳಲ್ಲಿ ಓಡಿದ.

ಏಡಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು. ತಿರುಗಿ ನೋಡಿ ನಕ್ಕಳು. "ಬಾ ಪರ್ಸಿ. ನೋಡು, ಕಣ್ಣಲ್ಲಿ ನೀರು ಸುರೀತಿದೆ, ಯಾಕೆ ಅಂತ್ಲೇ ಗೊತ್ತಾಗ್ತಿಲ್ಲ. ಒಬ್ನೇ ಬಂದ್ಯಾ? ಮಾವಿಸ್ ಎಲ್ಲಿ?"

ಆಗ ಅವನಿಗೆ ನಾಚಿಕೆಯಾಯಿತು. ಆ ವಾರದಲ್ಲಿ ಅವನಿಗೆ ಆದದ್ದು ಅದೊಂದೇ. ದುಃಖವಲ್ಲ, ನಾಚಿಕೆ.

"ಮಾರ್ಕೆಟ್ಟಿಗೆ ಹೋಗಿದಾಳೆ ಅಮ್ಮ."

ಆಶ್ರಮದ ನರ್ಸು ಸಿಸ್ಟರ್ ಪಾಲೆಟ್ ಅದನ್ನೇ ಸರಿ ಅಂದಳು. ಜಮೈಕಾದಿಂದ ಬಂದು ಇಪ್ಪತ್ತು ವರ್ಷದಿಂದ ಯಾರ್ಕ್‌ಷೈರಿನ ಮುದುಕರಿಗೆ ಸ್ನಾನ ಮಾಡಿಸುತ್ತಿದ್ದ ಹೆಂಗಸು, ಅವಳ ಮಾತಿಗೆ ಎದುರಾಡುವವರಿರಲಿಲ್ಲ. "ನೋಡಿ ಹೋಲ್ರಾಯ್ಡ್ ಅವರೇ, ಪ್ರತಿ ಸಲ ಹೇಳಿದ್ರೆ ಅವರಿಗೆ ಪ್ರತಿ ಸಲ ಮಗಳು ಸಾಯ್ತಾಳೆ. ಯಾಕೆ ಬೇಕು? ಮಾರ್ಕೆಟ್ಟು ಅನ್ನಿ, ಸಾಕು." ಹಿಲರಿಯೂ ಫೋನಿನಲ್ಲಿ ಅದನ್ನೇ ಅಂದಳು. ಬೇರೆ ಏನೂ ಅನ್ನಲಿಲ್ಲ.

ಚಳಿಗಾಲವೆಲ್ಲ ಗುರುವಾರ ಗುರುವಾರ ಪರ್ಸಿ ಅದೇ ಮಾತು ಹೇಳಿದ. ಒಮ್ಮೆ ಮಾರ್ಕೆಟ್ಟಲ್ಲಿ ಗಿಳಿಹಸಿರು ಬಣ್ಣದ ಉಣ್ಣೆ ಹುಡುಕುತ್ತಿದ್ದಾಳೆ ಅಂದ. ಒಮ್ಮೆ ಮೀನಿನವನ ಜೊತೆ ಜಗಳಕ್ಕೆ ನಿಂತಿದ್ದಾಳೆ ಅಂದ. ಏಡಾ ಬಿದ್ದು ಬಿದ್ದು ನಕ್ಕಳು, "ಅವಳು ಬಿಡೋಳಲ್ಲ!" ಅಂದಳು. ಚೆನ್ನಾಗಿಯೇ ಅಭಿನಯಿಸುತ್ತಿದ್ದ. ಕಷ್ಟವೇನೆಂದರೆ, ಹೇಳುತ್ತ ಹೇಳುತ್ತ ಅವನಿಗೂ ಅದೇ ಸರಿಯಾಗಿ ಕಾಣತೊಡಗಿತು. ಮಾವಿಸ್‌ಳ ಮನೆಚಪ್ಪಲಿ ಬೆಂಕಿಗೂಡಿನ ಪಕ್ಕದಲ್ಲಿದ್ದ ಹಾಗೇ ಇತ್ತು. ಅವಳ ಕನ್ನಡಕ ಅವಳ ಪುಸ್ತಕದೊಳಗೆ ಇತ್ತು. ಸಂತಾಪದ ಕಾಗದಗಳಿಗೆಲ್ಲ ಒಂದೇ ಸಾಲಿನಲ್ಲಿ ಉತ್ತರ ಬರೆದ. ಟೋಸ್ಟು ತಿಂದ, ಟಿವಿ ನೋಡಿದ. ಒಂದು ಸಂಜೆ ಟಿವಿಯಲ್ಲಿ ತಾನೇ ಬಂದು ಯಾರಿಗೋ ಸುದ್ದಿ ಹೇಳಿದ್ದನ್ನು ನೋಡಿದ, ಎದ್ದು ಕೆಟಲ್ ಇಟ್ಟ, ಅದು ಕೂಗಿ ಕೂಗಿ ನೀರೆಲ್ಲ ಬತ್ತಿಹೋದದ್ದು ಗೊತ್ತಾಗಲಿಲ್ಲ. ಜನವರಿಯಲ್ಲಿ ಎರಡು ಪಾತ್ರ ಬಂದವು, ಎರಡನ್ನೂ ಮಾಡಿದ. ಕ್ಯಾಲೆಂಡರಿನ ಹಿಂದೆ ಬರೆಯುವವರಿರಲಿಲ್ಲ. ಹಾಗಾಗಿ ಲೆಕ್ಕ ಇನ್ನೂರ ಹನ್ನೊಂದರಲ್ಲೇ ನಿಂತಿತು.

ಮಾರ್ಚಿನ ಒಂದು ಗುರುವಾರ. ಬಾಗಿಲಲ್ಲೇ ಸಿಸ್ಟರ್ ಪಾಲೆಟ್ ಸಿಕ್ಕಳು. "ಇವತ್ತು ಅಜ್ಜಿ ಬೆಳಗ್ಗಿಂದ ಬಲು ಚುರುಕು. ಮೇಜು ಮೂರು ಸಲ ಒರೆಸಿದೀನಿ, ಸಾಲ್ದಂತೆ. ನನ್ನ ಇಡೀ ಆಯುಷ್ಯದಲ್ಲಿ ಯಾರೂ ನನ್ನ ಹೀಗೆ ಬೈದಿಲ್ಲ," ಅಂತ ನಕ್ಕಳು.

ಏಡಾ ತಲೆ ಬಾಚಿಸಿಕೊಂಡು, ಭಾನುವಾರದ ಕಪ್ಪು ಉಡುಪು ತೊಟ್ಟು ನೆಟ್ಟಗೆ ಕೂತಿದ್ದಳು. ಬಾ ಅನ್ನಲಿಲ್ಲ. ಮಾವಿಸ್ ಎಲ್ಲಿ ಅಂತ ಕೇಳಲಿಲ್ಲ.

"ಪರ್ಸಿ, ಟೋಪಿ ತೆಗಿ."

ಅವನು ತೆಗೆದ.

"ಕೈಯಲ್ಲಲ್ಲ. ಮೇಜಿನ ಮೇಲಿಡು. ಕೂತ್ಕೋ."

ಅವನು ಕೂತ. ಆಕೆ ತನ್ನ ಕುರ್ಚಿಯನ್ನು ಕಿರ್ರೆಂದು ಎಳೆದುಕೊಂಡು, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಬಂದಳು.

"ಮಾವಿಸ್ ಹೋಗ್ಬಿಟ್ಲು, ಪರ್ಸಿ."

"ಗೊತ್ತಮ್ಮ," ಅಂದ ಪರ್ಸಿ.

"ಇಲ್ಲ, ನಿಂಗೆ ಗೊತ್ತಿಲ್ಲ. ಗೊತ್ತಿದ್ರೆ ವಾರ ವಾರ ಬಂದು ಮಾರ್ಕೆಟ್ಟಲ್ಲಿದಾಳೆ ಅಂತಿರ್ಲಿಲ್ಲ. ಯಾವಳು ಇಷ್ಟು ದಿನ ಮಾರ್ಕೆಟ್ಟಲ್ಲಿರ್ತಾಳೆ? ನಂಗೆ ಎಲ್ಲ ಮರ್ತುಹೋಗತ್ತೆ ನಿಜ, ಆದ್ರೆ ಎದೆ ಭಾರ ಇರತ್ತಲ್ಲ, ಅದು ಯಾಕೆ ಅಂತ ರಾತ್ರಿಯೆಲ್ಲ ಹುಡುಕಿ ಹುಡುಕಿ ಹಿಡ್ಕೊಂಡೆ. ಪಾಪ, ನಿಂಗೆ ಯಾರೂ ಸರಿಯಾಗಿ ಹೇಳಿಲ್ಲ. ಮರೆಯೋಕ್ ಮುಂಚೆ ನಾನೇ ಹೇಳ್ಬಿಡೋಣ ಅಂತ ಬೆಳಗ್ಗಿಂದ ಕಾಯ್ತಿದೀನಿ."

ಪರ್ಸಿ ಎದ್ದ. ಎದ್ದದ್ದು ಅವನಲ್ಲ, ಕಾಲುಗಳು. ಕೈ ಟೋಪಿಯ ಕಡೆ ಹೋಯಿತು. ಏಡಾ ಅವನ ಮಣಿಕಟ್ಟು ಹಿಡಿದಳು. ಆಲೂಗಡ್ಡೆ ಹೆರೆದ ಬೆರಳುಗಳು, ಇನ್ನೂ ಬಲವಾಗಿದ್ದವು.

"ಎಲ್ಲಿಗೆ? ಕೂತ್ಕೋ. ನೀರಿನ್ನೂ ಕುದ್ದಿಲ್ಲ."

ಆ ಕೋಣೆಯಲ್ಲಿ ಒಲೆ ಇರಲಿಲ್ಲ, ಕೆಟಲ್ ಇರಲಿಲ್ಲ. ವೃದ್ಧಾಶ್ರಮದಲ್ಲಿ ಅವಕ್ಕೆಲ್ಲ ಅವಕಾಶವಿಲ್ಲ. ಪರ್ಸಿ ಕೂತ. ಏಡಾ ಮತ್ತೆ ಮಾತಾಡಲಿಲ್ಲ, ಕೈಯನ್ನೂ ಬಿಡಲಿಲ್ಲ. ಕಾರಿಡಾರಿನಲ್ಲಿ ಯಾರೋ ಬಕೆಟ್ ಎಳೆಯುತ್ತಿದ್ದರು. ಅವನಿಗೆ ಮೊದಲು ನೆನಪಾದದ್ದು ಕೀಲಿ. ಸಂಜೆ ಮನೆಗೆ ಹೋಗಿ ಬಾಗಿಲಲ್ಲಿ ಕೀಲಿ ತಿರುಗಿಸಬೇಕು, 'ಇವತ್ತು ಯಾರು?' ಅಂತ ಅವಳು ಕೇಳುವುದಿಲ್ಲ. ಇವತ್ತೂ ಇಲ್ಲ, ನಾಳೆಯೂ ಇಲ್ಲ. ಕೇಳಿದ್ದರೂ ಅವನ ಹತ್ತಿರ ಇದ್ದ ಹೆಸರು ಅವಳದೇ. ಅವನ ಬಾಯಿಂದ ಒಂದು ಸದ್ದು ಬಂತು. ರಂಗದ ಮೇಲೆ ಅವನು ಯಾವತ್ತೂ ಮಾಡದ, ಯಾವ ನಾಯಕಿಯ ಬಾಯಲ್ಲೂ ಕೇಳದ ಒರಟು ಸದ್ದು. ಆಮೇಲೆ ಅಳು ಬಂತು. ನಾಲ್ಕು ತಿಂಗಳಿನದೂ ಒಟ್ಟಿಗೇ ಬಂತು.

ನಾಲ್ಕು ಗಂಟೆಯ ಟೀ ಗಾಡಿ ಬಂತು. ಸಿಸ್ಟರ್ ಪಾಲೆಟ್ ಎರಡು ಕಪ್ಪು ಮೇಜಿನ ಮೇಲಿಟ್ಟು ಹೋದಳು.

ಏಡಾ ಎರಡು ಗುಟುಕು ಕುಡಿದಳು. ಕಪ್ಪಿನ ಅಂಚಿನ ಮೇಲಿಂದ ಅವನನ್ನು ನೋಡಿದಳು. ಆಕೆಯ ಕಣ್ಣು ಮತ್ತೆ ಮಸುಕಾಗಿತ್ತು, ಹಿಡಿದದ್ದು ಕೈಜಾರಿ ಹೋಗಿತ್ತು.

"ಏನೋ ಪರ್ಸಿ, ಅಳ್ತಿದೀಯ? ಹೊಸ ಪಾತ್ರವಾ?"

ಅವನು ಮೂಗು ಒರೆಸಿಕೊಂಡ. "ಹೂಂ ಅಮ್ಮ."

"ಯಾವ್ದೋ?"

"ಹೆಂಡ್ತಿ ಸತ್ತವನ್ದು."

ಏಡಾಳ ಮುಖ ಅರಳಿತು. "ಕೊಟ್ರಾ! ಶೆಫೀಲ್ಡಿನವರು ಕೊನೆಗೂ ನಿಂಗೇ ಕೊಟ್ರಾ! ನಾನು ಆವತ್ತೇ ಹೇಳಿರ್ಲಿಲ್ವಾ?"

"ಹೇಳಿದ್ರಿ ಅಮ್ಮ. ನಂಗೇ ಕೊಟ್ರು."

"ಚೆನ್ನಾಗ್ ಮಾಡ್ತಿದೀಯ ಕಣೋ. ತುಂಬ ಚೆನ್ನಾಗಿದೆ. ಮಾವಿಸ್ ಬರ್ಲಿ, ಅವಳಿಗೂ ತೋರ್ಸು." ಆಕೆ ಮುಂದೆ ಬಾಗಿ, ಗುಟ್ಟು ಹೇಳುವ ಹಾಗೆ ದನಿ ತಗ್ಗಿಸಿದಳು. "ಆದ್ರೆ ಆವತ್ತಿನ ಹಾಗೆ ನಡುವಲ್ಲಿ ಎದ್ದು ಹೋಗ್ಬೇಡ. ಕಡೇ ತನಕ ಕೂತಿರು."

ಪರ್ಸಿ ಕೂತಿದ್ದ. ಆಕೆಯ ಟೀ ಮುಗಿಯುವವರೆಗೂ ಅಳುತ್ತಲೇ ಕೂತಿದ್ದ. ಆಮೇಲೆ ಎರಡೂ ಕಪ್ಪನ್ನು ಮೂಲೆಯ ಬೇಸಿನ್ನಿನಲ್ಲಿ ತೊಳೆದು, ಒರೆಸಿ, ಮೇಜಿನ ಮೇಲೆ ಕವುಚಿಟ್ಟ.